ಹತ್ತು ಮೀಟರ್ ಕೇಬಲ್ ಹೋದರೂ ಠಾಣೆಗೆ ಹೋಗಿ: ಊರ ಕಾವಲಿಗೆ ಒಂದು ಕೈಪಿಡಿ

ಹೋದ ಬೇಸಿಗೆಯಲ್ಲಿ ನಮ್ಮ ಹೊಳೆಸಾಲಿನ ಪಂಪ್‌ಸೆಟ್ ಕೇಬಲ್‌ಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನಮ್ಮೂರು ಜಮಖಂಡಿ ಕಡೆ, ಕೃಷ್ಣಾ ದಂಡೆ. ಹೊಳೆಯ ನೀರು ಹಿಂದೆ ಸರಿದಂತೆ ಮೋಟರ್ ಮುಂದಕ್ಕೆ ಸರಿಸುತ್ತೇವೆ, ಕೇಬಲ್ ಉದ್ದ ಬಿಡುತ್ತೇವೆ. ಕಳ್ಳನಿಗೂ ಅದೇ ಬೇಕು. ರಾತ್ರಿ ಕತ್ತರಿಸಿ, ಬಾಜೂ ಹೊಲದಲ್ಲೇ ಮೇಲಿನ ಪ್ಲಾಸ್ಟಿಕ್ ಸುಟ್ಟು, ಬರೀ ತಾಮ್ರ ಒಯ್ದಿದ್ದರು. ಬೆಳಿಗ್ಗೆ ನಾನು ಹೋದಾಗ ಅಲ್ಲಿದ್ದದ್ದು ತಟ್ಟೆಯಷ್ಟಗಲ ಕಪ್ಪು ಬೂದಿ ಮತ್ತು ಎರಡು ಬೀಡಿ ತುಂಡು.

ಒಟ್ಟು ಒಂಬತ್ತು ಜನರ ಕೇಬಲ್ ಹೋಯಿತು. ಫಿರ್ಯಾದಿ ಕೊಟ್ಟವನು ನಾನೊಬ್ಬನೇ, ಅದೂ ಎರಡು ದಿನ ತಡ ಮಾಡಿ. ಆ ಹೊತ್ತಿಗೆ ಊರಿನ ಅರ್ಧ ಮಂದಿ ಬಂದು ನೋಡಿ, ಬೂದಿ ತುಳಿದು, ಬೀಡಿ ತುಂಡನ್ನೂ ಒದ್ದು ಹೋಗಿದ್ದರು. ಠಾಣೆಯಲ್ಲಿ ರೈಟರ್ ರಿಜಿಸ್ಟರ್ ತಿರುವಿ ನೋಡಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ನಿಮ್ಮೂರಾಗ ಕಳವೇ ಆಗೂದಿಲ್ಲಲ್ರೀ, ವರ್ಷದಾಗ ಇದೇ ಮೊದಲು."

ಅವರದ್ದು ತಪ್ಪಲ್ಲ. ಅವರ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದರು. ಗಸ್ತು ಎಲ್ಲಿಗೆ ಜಾಸ್ತಿ ಹೋಗಬೇಕು, ರಾತ್ರಿ ಜೀಪು ಯಾವ ದಾರಿ ಹಿಡಿಯಬೇಕು ಅನ್ನುವುದೆಲ್ಲ ಆ ಪುಸ್ತಕ ನೋಡಿಯೇ ಗೊತ್ತಾಗುವುದು. ನಾವು ಕಟ್ಟೆಯ ಮೇಲೆ ಕೂತು ಪೊಲೀಸರನ್ನು ಬೈಯುತ್ತೇವೆ, ಬರೆದು ಮಾತ್ರ ಕೊಡುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಬೀಗ, ಲೈಟು, ಕ್ಯಾಮೆರಾಕ್ಕಿಂತ ಕಾಗದದ ಮಾತೇ ಜಾಸ್ತಿ ಇದೆ.

ಮೊದಲು ನಿಮ್ಮ ಬೀಟ್ ಪೊಲೀಸ್ ಯಾರು ಅಂತ ತಿಳಿದುಕೊಳ್ಳಿ

ಹಿಂದೆ ಊರಿಗೊಬ್ಬ ತಳವಾರ, ವಾಲೀಕಾರ ಇರುತ್ತಿದ್ದ. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಎತ್ತು ಹೊಸದು, ಎಲ್ಲ ಅವನಿಗೆ ಗೊತ್ತು. ಈಗ ಆ ಜಾಗದಲ್ಲಿ ಇರುವವರು ಬೀಟ್ ಪೊಲೀಸ್. ಕರ್ನಾಟಕದಲ್ಲಿ 2017ರಲ್ಲಿ ಬೀಟ್ ಪದ್ಧತಿ ಬದಲಾಯಿಸಿ, ಠಾಣೆಯ ಒಬ್ಬೊಬ್ಬ ಸಿಬ್ಬಂದಿಗೆ ಇಂತಿಂಥ ಊರು, ಇಂತಿಂಥ ಓಣಿ ಅಂತ ಹಂಚಿಕೊಟ್ಟರು. ಅಂದರೆ ನಿಮ್ಮೂರಿಗೂ ಒಬ್ಬರು ಇದ್ದೇ ಇದ್ದಾರೆ. ಠಾಣೆಗೆ ಹೋಗಿ ಹೆಸರು, ನಂಬರ್ ಕೇಳಿ, ಕೊಡುತ್ತಾರೆ. ಅದನ್ನು ಹಾಲಿನ ಡೇರಿ, ಕಿರಾಣಿ ಅಂಗಡಿ, ಪಂಚಾಯ್ತಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಫೋನೇ ಕಳವಾದ ದಿನ ಏನು ಮಾಡುತ್ತೀರಿ?

ಆ ಕ್ಷಣಕ್ಕೆ ಸಹಾಯ ಬೇಕಾದರೆ ಮಾತ್ರ ಬೀಟ್ ಪೊಲೀಸರನ್ನು ಹುಡುಕುತ್ತ ಕೂರಬೇಡಿ, 112 ಒತ್ತಿ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ ಅದೇ ನಂಬರ್. ಆದರೆ ಫೋನ್ ಎತ್ತುವವರಿಗೆ "ನಮ್ಮ ಹಣಮಪ್ಪನ ಗುಡಿ ಹಿಂದ" ಅಂದರೆ ತಿಳಿಯುವುದಿಲ್ಲ, ಪ್ರತಿ ಊರಲ್ಲೂ ಹಣಮಪ್ಪನ ಗುಡಿ ಇದೆ. ಜಿಲ್ಲೆ, ತಾಲೂಕು, ಊರು, ಆಮೇಲೆ ಗುರುತು, ಈ ಸಾಲಿನಲ್ಲಿ ಹೇಳಿ. ಅಥಣಿ, ಚಿಕ್ಕೋಡಿ, ಚಡಚಣ ಕಡೆಯ ಗಡಿ ಊರಿನವರು ಇನ್ನೊಂದು ನೆನಪಿಡಿ: ಫೋನ್ ಮಹಾರಾಷ್ಟ್ರದ ಟವರ್ ಹಿಡಿದಿದ್ದರೆ ಕರೆ ಆ ಕಡೆಗೆ ಹೋಗಬಹುದು. ಮೊದಲ ಮಾತಿನಲ್ಲೇ "ಕರ್ನಾಟಕ" ಅಂದುಬಿಡಿ.

ಮನೆ ಬಿಟ್ಟು ಹೋಗುವಾಗ

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಮನೆಗಳು ಖಾಲಿ ಬೀಳುವ ಕಾಲ ಎಲ್ಲರಿಗೂ ಗೊತ್ತು, ಕಳ್ಳರಿಗೂ ಗೊತ್ತು. ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ, ಕಬ್ಬಿನ ಹಂಗಾಮು, ಮದುವೆ ಸೀಸನ್, ಇನ್ನು ವಿಜಯಪುರ ಕಡೆಯವರು ಗೋವಾ, ಪುಣೆಗೆ ದುಡಿಯಲು ಹೋಗುವ ತಿಂಗಳುಗಳು. ಹೋಗುವ ಮೊದಲು ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿ: ಎಷ್ಟು ದಿನ, ಯಾವ ಓಣಿ, ಪಕ್ಕದ ಮನೆಯವರ ನಂಬರ್. ರಾತ್ರಿ ಗಸ್ತಿನವರು ಆ ಕಡೆ ಒಂದು ಸುತ್ತು ಹಾಕಿ ಹೋಗಲು ಇಷ್ಟು ಸಾಕು. ದಾರಿಯಲ್ಲಿ ತೆಗೆದ ಫೋಟೋ ಮಾತ್ರ ತಿರುಗಿ ಬಂದ ಮೇಲೆ ಸ್ಟೇಟಸ್‌ಗೆ ಹಾಕಿ.

ಕೀಲಿ ವಿಷಯ. ಬಾಗಿಲ ಮೇಲಿನ ಗೂಡು, ತುಳಸಿ ಕಟ್ಟೆ, ಬಚ್ಚಲದ ಹಂಡೆ ಹಿಂದೆ. ನೀವು ಎಲ್ಲಿ ಇಡುತ್ತೀರಿ ಅಂತ ನಾನು ಇಲ್ಲಿ ಕೂತೇ ಹೇಳಿದೆ ಅಲ್ವಾ? ಕಳ್ಳನೂ ಹೇಳುತ್ತಾನೆ. ನಂಬಿಕಸ್ತ ಪಕ್ಕದ ಮನೆಯವರ ಕೈಗೆ ಕೊಡಿ. ಸಂಜೆ ಒಂದು ಲೈಟ್ ಹಾಕಿ, ಅಂಗಳ ಕಸ ಹೊಡೆಯಲು ಹೇಳಿ. ಮೂರು ದಿನ ಕಸ ಹೊಡೆಯದ ಅಂಗಳ ದೊಡ್ಡ ಬೀಗಕ್ಕಿಂತ ಜೋರಾಗಿ "ಮನೆಯಲ್ಲಿ ಯಾರಿಲ್ಲ" ಅನ್ನುತ್ತದೆ.

ಮನೆಯಲ್ಲಿ ಇದ್ದರೂ ಕಳವಾಗುವ ಕಾಲ ಬೇಸಿಗೆ. ಸೆಕೆಗೆ ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕುತ್ತೇವೆ, ಕೆಳಗಿನ ಬಾಗಿಲು ಸುಮ್ನೆ ಮುಂದೂಡಿರುತ್ತೇವೆ, ತಿಜೋರಿ ಕೀಲಿ ಗಾದಿ ಕೆಳಗೆ. ಬೆಳಿಗ್ಗೆ ಇಳಿದು ಬಂದರೆ ಎಲ್ಲ ಖಾಲಿ, ಒಂದು ಸದ್ದೂ ಕೇಳಿರುವುದಿಲ್ಲ. ಮಾಳಿಗೆಗೆ ಹೋಗುವಾಗ ಕೆಳಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಒಂದು ಭಾನುವಾರ ಕೂತು ಮನೆಯ ಬಂಗಾರದ ಫೋಟೋ ತೆಗೆಯಿರಿ, ತೂಕ ಬರೆದಿಡಿ, ಬಿಲ್ ಇದ್ದರೆ ಅದರದೂ ಫೋಟೋ. ಈಗಿನ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಸಂಖ್ಯೆ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಗಾಡಿಯ ಚಾಸಿಸ್ ನಂಬರ್, ಮೋಟರಿನ ಸೀರಿಯಲ್ ನಂಬರ್ ಅದೇ ವಹಿಯಲ್ಲಿ ಇರಲಿ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ, ಅದೂ ಇರಲಿ. ಆ ವಹಿಯನ್ನು ಮಾತ್ರ ತಿಜೋರಿಯಲ್ಲಿ ಇಡಬೇಡಿ.

ಹೊಲದಲ್ಲಿ

ಕೇಬಲ್‌ಗೆ ಬಣ್ಣ ಬಳಿಯಿರಿ. ಪ್ರತಿ ಹತ್ತು ಅಡಿಗೊಂದು ಪಟ್ಟಿ, ಅದರ ಮೇಲೆ ನಿಮ್ಮ ಹೆಸರಿನ ಎರಡು ಅಕ್ಷರ. ಬಣ್ಣ ಇದ್ದ ಕೇಬಲನ್ನು ಇಡಿಯಾಗಿ ಮಾರಲು ಬರುವುದಿಲ್ಲ, ಸುಡಲೇಬೇಕು. ಸುಟ್ಟರೆ ಹೊಗೆ ಏಳುತ್ತದೆ, ವಾಸನೆ ಬರುತ್ತದೆ, ಹೊತ್ತು ಹಿಡಿಯುತ್ತದೆ. ಕಳ್ಳನಿಗೆ ಬೇಡವಾದದ್ದು ಅದೇ. ಆದಷ್ಟು ಉದ್ದ ಕೇಬಲನ್ನು ಪೈಪಿನೊಳಗೆ ಹಾಕಿ ಹೂಳಿ. ಹತ್ತಿರದ ಮೋಡಕಾ (ಗುಜರಿ) ಅಂಗಡಿಯವರಿಗೆ ಊರಿನ ಹಿರಿಯರು ಒಮ್ಮೆ ಹೋಗಿ ಹೇಳಿ ಬಂದರೆ ಒಳ್ಳೆಯದು: ಸುಟ್ಟ ತಾಮ್ರ ತಂದವರ ಹೆಸರು, ಆಧಾರ್, ಗಾಡಿ ನಂಬರ್ ಬರೆದುಕೊಳ್ಳಿ ಅಂತ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ಅಪರಾಧವೇ. ಇದು ಮೋಡಕಾದವರಿಗೂ ಗೊತ್ತಿದೆ, ನೆನಪು ಮಾಡಬೇಕು ಅಷ್ಟೇ.

ಟಿಸಿಯ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಎಣ್ಣೆ, ಕಾಯಿಲ್ ಕಳವಾದರೆ ಹತ್ತಿರ ಹೋಗಬೇಡಿ, ಕರೆಂಟ್ ಇನ್ನೂ ಇರಬಹುದು. 1912ಕ್ಕೆ ಫೋನ್ ಮಾಡಿ ಹೆಸ್ಕಾಂನವರಿಗೆ ಹೇಳಿ. ಕುರಿ ಕಳ್ಳರು ಬರುವುದು ಸಣ್ಣ ಗೂಡ್ಸ್ ಗಾಡಿಯಲ್ಲಿ, ನಸುಕಿನಲ್ಲಿ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿಕೊಂಡ ಗಾಡಿ ಬೇಸಿಗೆಯಲ್ಲಿ ಕಂಡರೆ ಏನೋ ಇದೆ ಅಂತಲೇ ಅರ್ಥ. ದನಗಳಿಗೆ ಪಶು ಆಸ್ಪತ್ರೆಯವರು ಹಾಕುವ ಹಳದಿ ಕಿವಿಯೋಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಅದನ್ನು ಬರೆದಿಟ್ಟುಕೊಂಡವರು ನಮ್ಮೂರಲ್ಲಿ ಇಬ್ಬರೇ.

ಮಾತಿನಲ್ಲೇ ಮೋಸ ಮಾಡುವವರು

"ಬಂಗಾರ ಪಾಲಿಶ್ ಮಾಡ್ತೀವಿ" ಅಂತ ಮಧ್ಯಾಹ್ನ ಬರುವವರನ್ನು ಬಾಗಿಲಿನಿಂದಲೇ ಕಳಿಸಿ. ಇನ್ನೊಂದು ಆಟ ಇದಕ್ಕಿಂತ ಕೆಟ್ಟದ್ದು. ಸಂತೆಯಿಂದ ಒಬ್ಬರೇ ಬರುವ ಆಯಿಯನ್ನು ಬೈಕಿನವರು ನಿಲ್ಲಿಸುತ್ತಾರೆ. "ನಾವು ಪೊಲೀಸರಬೇ, ಮುಂದ ಗಲಾಟಿ ಆಗೇತಿ, ಬಂಗಾರ ತಗದು ಚೀಟ್ಯಾಗ ಕಟ್ಟಿಕೊಳ್ರಿ" ಅಂತ ತಾವೇ ಕಟ್ಟಿ ಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಕಲ್ಲು. ಯಾವ ಪೊಲೀಸರೂ ರಸ್ತೆಯಲ್ಲಿ ಒಡವೆ ತೆಗೆಸಿ ಕಟ್ಟಿಕೊಡುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಒಂದು ಸಲ ಹೇಳಿ ಬಿಡಬೇಡಿ, ಪ್ರತಿ ಸಂತೆ ದಿನ ಹೇಳಿ.

ಫೋನಿನಲ್ಲಿ ದುಡ್ಡು ಹೋದರೆ ಒಂದು ಗಳಿಗೆಯೂ ತಡ ಮಾಡದೆ 1930ಕ್ಕೆ ಕರೆ ಮಾಡಿ. ದುಡ್ಡು ಕಳ್ಳರ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಯಬೇಕು. ಆಮೇಲೆ ಸೈಬರ್ ಮೋಸ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆ ಇದೆ, ನಿಮ್ಮ ಠಾಣೆಯೂ ಇದೆ. "ಡಿಜಿಟಲ್ ಅರೆಸ್ಟ್" ಅನ್ನುವ ಬಂಧನ ಯಾವ ಕಾನೂನಿನಲ್ಲೂ ಇಲ್ಲ, ಹಾಗೆ ಹೆದರಿಸಿದರೆ ಫೋನ್ ಇಟ್ಟುಬಿಡಿ.

ಗುಮಾನಿ ಬಂದಾಗ ಕೈ ಎತ್ತಬೇಡಿ

ಇದನ್ನು ಬರೆಯದೆ ಬಿಡಲು ಮನಸ್ಸು ಬರಲಿಲ್ಲ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಜನ ಮಕ್ಕಳ ಕಳ್ಳ ಅಂದುಕೊಂಡು ಹೊಡೆದು ಕೊಂದರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ನೆಪ, ಸುದ್ದಿ ಹರಡಿದ್ದು ವಾಟ್ಸಾಪ್‌ನಲ್ಲಿ. ನಮ್ಮ ಗ್ರೂಪುಗಳಲ್ಲೂ "ಕಳ್ಳರ ಗ್ಯಾಂಗ್ ಬಂದೈತಿ, ಎಲ್ಲಾರಿಗೂ ಕಳಸ್ರಿ" ಅಂತ ವರ್ಷಕ್ಕೆ ಎರಡು ಸಲ ಬರುತ್ತದೆ, ಹೆಚ್ಚಿನ ಸಲ ಬೇರೆ ರಾಜ್ಯದ ಹಳೇ ವಿಡಿಯೋ. ಬೀಟ್ ಪೊಲೀಸರಿಗೆ ಕಳಿಸಿ ಕೇಳಿ, ಅವರು ಹೌದು ಅಂದ ಮೇಲೆ ಮುಂದಕ್ಕೆ ಕಳಿಸಿ.

ಅಪರಿಚಿತರು ಕಂಡರೆ ಇಬ್ಬರು-ಮೂವರು ಹೋಗಿ ಮಾತಾಡಿಸಿ, ಗಾಡಿ ನಂಬರ್ ಬರೆದುಕೊಳ್ಳಿ, 112ಕ್ಕೆ ಹೇಳಿ. ಕಳವು ಮಾಡುವಾಗಲೇ ಕಣ್ಣೆದುರು ಸಿಕ್ಕಿಬಿದ್ದರೆ ಹಿಡಿಯಬಹುದು, ಕಾನೂನು ಅದಕ್ಕೆ ಬಿಟ್ಟಿದೆ. ಆದರೆ ಸುಮ್ನೆ ಕೂಡಿಸಿಕೊಳ್ಳುವ ಹಾಗಿಲ್ಲ, ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಕೇಸು ನಿಮ್ಮ ಮೇಲೆ ಬೀಳುತ್ತದೆ.

ಕಳವು ಆಯಿತು, ಈಗ?

ಏನನ್ನೂ ಮುಟ್ಟಬೇಡಿ. ಕಪಾಟು ತೆರೆದಿದ್ದರೆ ತೆರೆದೇ ಇರಲಿ. ಬಾಗಿಲಿಗೆ ಒಬ್ಬರನ್ನು ನಿಲ್ಲಿಸಿ, ಅಳಲು ಬಂದ ನೆಂಟರನ್ನೂ ಒಳಗೆ ಬಿಡಬೇಡಿ. ಬೆರಳಚ್ಚಿನವರು ಬರುವ ತನಕ ಮನೆ ಹಾಗೇ ಇರಬೇಕು. ಅದೇ ದಿನ ದಾರಿಯ ಪೆಟ್ರೋಲ್ ಪಂಪು, ಅಂಗಡಿ, ಮಂಗಲ ಕಾರ್ಯಾಲಯಗಳ ಸಿಸಿಟಿವಿ ಎಲ್ಲೆಲ್ಲಿದೆ ನೋಡಿ ಪೊಲೀಸರಿಗೆ ಹೇಳಿ. ಜನ ಜಾಸ್ತಿ ಸೇರುವ ಜಾಗಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಅಂತ ರಾಜ್ಯದ 2017ರ ಕಾಯ್ದೆ ಇದೆ. ಸಣ್ಣ ಅಂಗಡಿಯಲ್ಲಿ ಅಷ್ಟು ದಿನ ಉಳಿಯುವುದಿಲ್ಲ, ಹಳೆಯದು ತಾನೇ ಅಳಿಸಿಹೋಗುತ್ತದೆ.

ಫಿರ್ಯಾದಿಯನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಎಷ್ಟು ಗಂಟೆಗೆ ಕೊನೆಯದಾಗಿ ನೋಡಿದಿರಿ, ಎಷ್ಟಕ್ಕೆ ಗೊತ್ತಾಯಿತು, ಏನೇನು ಹೋಯಿತು, ಒಂದೊಂದರ ಬೆಲೆ ಎಷ್ಟು. ಬೆಲೆ ಅಂದಾಜಿಗೆ ಬರೆಯಬೇಡಿ. ಹೊಸ ಕಾನೂನಿನಲ್ಲಿ 5000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳವಾದರೆ ಪೊಲೀಸರು ನೇರ ತನಿಖೆಗೆ ಇಳಿಯುವ ಹಾಗಿಲ್ಲ, ಕೋರ್ಟಿನ ಅಪ್ಪಣೆ ಬೇಕು. ನಮ್ಮ ರೈತರು ಕೇಬಲ್‌ನ ಬೆಲೆ ಮಾತ್ರ ಬರೆದು ಸ್ಟಾರ್ಟರ್, ಪೈಪು, ಫುಟ್‌ವಾಲ್ವ್ ಬಿಟ್ಟುಬಿಡುತ್ತಾರೆ. ಹೋದದ್ದನ್ನೆಲ್ಲ ಬರೆಯಿರಿ, ಹೋಗದ್ದನ್ನು ಸೇರಿಸಬೇಡಿ. ಹಳೇ ಜಗಳ ಇರುವವನ ಹೆಸರನ್ನು ಸಿಟ್ಟಿಗೆ ಸೇರಿಸುವ ಚಟವಂತೂ ಬೇಡವೇ ಬೇಡ, ತನಿಖೆ ಅಲ್ಲೇ ದಾರಿ ತಪ್ಪುತ್ತದೆ.

"ಇದು ನಮ್ಮ ಹದ್ದಿಗೆ ಬರಲ್ಲ" ಅಂದರೆ ತಿರುಗಿ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಆಮೇಲೆ ಸಂಬಂಧಪಟ್ಟ ಠಾಣೆಗೆ ಅದೇ ಹೋಗುತ್ತದೆ. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಸಾಂಗ್ಲಿ, ಸೊಲ್ಲಾಪುರಕ್ಕೆ ಹೋಗಿ ಬರುವಾಗ ಬಸ್ಸಿನಲ್ಲಿ ಚೀಲ ಕಳಕೊಂಡ ನಮ್ಮಂಥ ಗಡಿಯವರಿಗೆ ಇದು ದೊಡ್ಡ ಅನುಕೂಲ. ಆನ್‌ಲೈನ್‌ನಲ್ಲಿ ಕಳಿಸಿದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ, ಅದು ಕೈಗೆ ಬರುವ ತನಕ ಏಳಬೇಡಿ. ದಾಖಲಿಸದಿದ್ದರೆ ಕಾರಣ ಬರೆದ ಹಿಂಬರಹ ಕೇಳಿ. ಅದೂ ಆಗದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆಯಿರಿ, ಕೊನೆಗೆ ಕೋರ್ಟಿದೆ. ಜಗಳ ಮಾಡಬೇಡಿ, ಮೆತ್ತಗೆ "ಸಾಹೇಬ್ರ, ಹಿಂಬರಹ ಕೊಡ್ರಿ" ಅನ್ನಿ. ಆ ಒಂದು ಶಬ್ದ ಕೇಳಿದರೆ ಎಷ್ಟೋ ಸಲ ಪೆನ್ನು ತಾನೇ ಹೊರಗೆ ಬರುತ್ತದೆ.

ಪ್ರತಿ ಕೈಯಲ್ಲಿದ್ದರೆ ಮುಂದಿನ ಕೆಲಸ ಸಲೀಸು. ಗಾಡಿಯ ವಿಮೆಗೆ ಅದೇ ಬೇಕು, ಕಳವಾದ ಫೋನನ್ನು ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಲೂ ಠಾಣೆಯ ದೂರಿನ ಪ್ರತಿ ಹಾಕಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು ಅಂತಲೂ ಇದೆ, ಕೇಳಲು ನಾಚಿಕೆ ಬೇಡ. ಮಾಲು ಸಿಕ್ಕರೆ ಅದು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿ ವಸ್ತು ಆಗುತ್ತದೆ, ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಅಲ್ಲಿ ಕೇಳುವುದೇ ಬಿಲ್ಲು, ಫೋಟೋ, ನಂಬರ್. ಆ ಭಾನುವಾರದ ವಹಿ ಆಗ ತೆಗೆಯಿರಿ.

ನನ್ನ ಕೇಬಲ್ ಸಿಗಲಿಲ್ಲ. ಆದರೆ ಫಿರ್ಯಾದಿ ಕೊಟ್ಟ ಮೇಲೆ ರಾತ್ರಿ ಜೀಪು ಹೊಳೆದಾರಿಗೆ ಬರಲು ಶುರುವಾಯಿತು. ಹೊಸ ಕೇಬಲ್‌ಗೆ ನಾನು ಕೆಂಪು ಬಣ್ಣದ ಪಟ್ಟಿ ಹೊಡೆಯುತ್ತಿದ್ದಾಗ ಬಾಜೂ ಹೊಲದ ಕಾಕಾ "ಏನಲೇ, ಕೇಬಲ್‌ಗೆ ಬಳಿ ಇಡಸಾಕತ್ತೀಯೇನ?" ಅಂತ ನಕ್ಕಿದ್ದರು. ಹೋದ ವಾರ ಬಂದು ಬಣ್ಣದ ಡಬ್ಬಿ ಇಸಕೊಂಡು ಹೋಗಿದ್ದಾರೆ. ಇನ್ನೂ ವಾಪಸ್ ಕೊಟ್ಟಿಲ್ಲ.