ಮಳೆಗಾಲದ ಕೆರೆ ಸುತ್ತಾಟಕ್ಕೆ ಉಪ್ಪಲ್ಲ, ಹಳೇ ಎಟಿಎಂ ಕಾರ್ಡು
ಜೂನ್‌ನಿಂದ ಸೆಪ್ಟೆಂಬರ್ ನಡುವೆ ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆಯಂಥ ಕಡೆ ನಾಯಿ ಕರ್ಕೊಂಡು ಹೋಗೋರು ಜೇಬಲ್ಲಿ ಒಂದು ಹಳೇ ಎಟಿಎಂ ಕಾರ್ಡ್ ಇಟ್ಕೊಳ್ಳಿ. ನಾಯಿಗೆ ಇಂಬಳ (ರಕ್ತ ಹೀರೋ ಜಿಗಣೆ) ಕಚ್ಚಿದ್ದರೆ ಕೂದಲು ಸರಿಸಿ, ಇಂಬಳದ ಸಣ್ಣ ತುದಿಯ ಪಕ್ಕದಲ್ಲಿ ಕಾರ್ಡಿನ ಅಂಚನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಜಾರಿಸಿ. ಆಮೇಲೆ ದಪ್ಪ ತುದಿ ಬಿಡಿಸಿ, ತಕ್ಷಣ ದೂರ ಎಸೆಯಿರಿ, ಇಲ್ಲದಿದ್ದರೆ ಬೆರಳಿಗೇ ಹತ್ತುತ್ತೆ. ಬಾಯಿ ಇರೋದು ಸಣ್ಣ ತುದಿಯಲ್ಲಿ, ಹಿಡಿತ ತಪ್ಪಿದರೆ ತಾನೇ ಬಿಡುತ್ತೆ. ಉಪ್ಪು, ಬೆಂಕಿಕಡ್ಡಿ ಬೇಡ: ಇಂಬಳ ಹೊಟ್ಟೇಲಿರೋದನ್ನು ಗಾಯಕ್ಕೇ ಕಕ್ಕಬಹುದು, ಉಪ್ಪನ್ನು ನಾಯಿ ನೆಕ್ಕುತ್ತೆ ಬೇರೆ. ಇಂಬಳದ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ಅಂಶ ಇರೋದರಿಂದ ರಕ್ತ ಬೇಗ ನಿಲ್ಲಲ್ಲ, ಹೆದರಬೇಡಿ. ಗಾಯ ತೊಳೆದು ಗಾಜ್ ಬಟ್ಟೆ ಇಟ್ಟು 10-15 ನಿಮಿಷ ಒತ್ತಿ ಹಿಡಿಯಿರಿ, ನೆಕ್ಕಲು ಬಿಡಬೇಡಿ. ಕಾಲ್ಬೆರಳ ಸಂದಿ, ಕಿವಿಯೊಳಗು, ಕೊರಳಪಟ್ಟಿ ಕೆಳಗೆ ಮರೆಯದೆ ನೋಡಿ. ಮೂಗೊಳಗೆ, ಕಣ್ಣಲ್ಲಿ ಹೊಕ್ಕಿದ್ದಕ್ಕೆ ಈ ಉಪಾಯ ನಡೆಯಲ್ಲ. ಬಿಡದೆ ಸೀನು, ಒಂದೇ ಹೊಳ್ಳೆಯಿಂದ ರಕ್ತ ಕಂಡರೆ ಎಳೆಯಲು ಹೋಗದೆ ಪಶುವೈದ್ಯರ ಹತ್ತಿರ ಹೋಗಿ. ನಿಂತ ನೀರು ಕುಡಿಯುವಾಗಲೇ ಹೆಚ್ಚಾಗಿ ಮೂಗಿಗೆ ಹೊಗೋದು, ಹಾಗಾಗಿ ಕುಡಿಯೋ ನೀರು, ಬಟ್ಟಲು ಮನೆಯಿಂದಲೇ ಒಯ್ಯಿರಿ.