ಹಳೆಯ ಟ್ರಾನ್ಸ್‌ಫಾರ್ಮರ್ಸ್ ಕೊಂಡಾಗ ಮೊದಲು ಕೀಲುಗಳನ್ನು ನೋಡಿ
1984ರಲ್ಲಿ ಹ್ಯಾಸ್ಬ್ರೋ ಸಂಸ್ಥೆಯು ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್ ಆಟಿಕೆಗಳನ್ನು ಆಧರಿಸಿ ಆರಂಭಿಸಿದ ಟ್ರಾನ್ಸ್‌ಫಾರ್ಮರ್ಸ್ ಸರಣಿಯ ಹಳೆಯ ರೋಬೋಟ್‌ಗಳನ್ನು ಸಂಗ್ರಹಿಸುವವರು, ಅವು ಕೈಗೆ ಬಂದ ಕೂಡಲೇ ಕೀಲುಗಳನ್ನು ತಿರುಗಿಸಿ ವಾಹನ ಮುಂತಾದ ರೂಪಕ್ಕೆ ಬದಲಿಸಲು ಮುಂದಾಗಬಾರದೆಂದು ಕಳಕಳಿಯಿಂದ ವಿನಂತಿಸುತ್ತೇನೆ. ಮೊದಲು ಕೀಲುಗಳ ಬಳಿಯ ಪ್ಲಾಸ್ಟಿಕ್ಕಿನ ಬಣ್ಣವನ್ನು ಗಮನಿಸಿ. ಪ್ಲಾಸ್ಟಿಕ್ಕಿನೊಳಗೇ ಚಿನ್ನದ ಬಣ್ಣದ ಹೊಳೆಯುವ ಕಣಗಳು ಸುಳಿಸುಳಿಯಾಗಿ ಬೆರೆತಿದ್ದರೆ, ಅಂತಹ ಭಾಗವು ವರ್ಷಗಳು ಕಳೆದಂತೆ ಸತ್ವ ಕಳೆದುಕೊಂಡು, ಪೆಟ್ಟಿಗೆಯಿಂದ ಒಮ್ಮೆಯೂ ಹೊರತೆಗೆಯದ ಆಟಿಕೆಯಲ್ಲೂ ಕೀಲಿನ ಲೋಹದ ಪಿನ್ನಿನ ಸುತ್ತ ಬಿರುಕು ಬಿಡಬಹುದು. ನನ್ನ ಬಳಿಯಿದ್ದ ಒಂದು ರೋಬೋಟಿನ ಮೊಣಕಾಲು ಬೆರಳ ತುದಿಯ ಒತ್ತಡಕ್ಕೇ ಪುಡಿಪುಡಿಯಾಯಿತು. ಅದನ್ನು ಅಂಟು ಹಾಕಿ ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಅಂಥವನ್ನು ಒಂದೇ ರೂಪದಲ್ಲಿ ನಿಲ್ಲಿಸಿಡುವುದೇ ಲೇಸು. ಆಟಿಕೆಯ ಮೈಮೇಲೆ ಅಚ್ಚೊತ್ತಿರುವ ಇಸವಿಯು ಸಾಮಾನ್ಯವಾಗಿ ಹಕ್ಕುಸ್ವಾಮ್ಯದ್ದೇ ಹೊರತು ತಯಾರಿಕೆಯದಲ್ಲ. ಬಿಳಿ ಭಾಗಗಳು ಬಿಸಿಲಿಗೆ ಹಳದಿಗಟ್ಟುವುದರಿಂದ ಕಿಟಕಿಯ ಬಳಿ ಇಡಬೇಡಿ.