ಹಳೆಯ .32 ಪಿಸ್ತೂಲು ಕೈಕೊಡದಂತೆ ಇಟ್ಟುಕೊಳ್ಳುವ ಕ್ರಮ

ನಮ್ಮ ದೇಶದಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ಬೋರಿನ (ನಳಿಗೆಯ ಒಳ ಅಳತೆಯ) ವರ್ಗಕ್ಕೆ ಸೇರಿರುವುದರಿಂದ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲಿನ ಲೈಸೆನ್ಸ್ ಪಡೆದವರ ಬಳಿ ಸಾಮಾನ್ಯವಾಗಿ ಇರುವುದು .32 ಬೋರಿನ ಪಿಸ್ತೂಲು. ಅದು ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ 1903 ಅಥವಾ ಎಫ್‌ಎನ್ 1910 ಆಗಿರಬಹುದು, 1929ರಲ್ಲಿ ಬಂದ ಜರ್ಮನಿಯ ವಾಲ್ಥರ್ ಪಿಪಿ ಆಗಿರಬಹುದು, ಇಲ್ಲವೇ ನಮ್ಮ ಸರ್ಕಾರಿ ಕಾರ್ಖಾನೆಯ ಅಶನಿ ಆಗಿರಬಹುದು. ಹಿರಿಯರಿಂದ ಬಂದ ಪಿಸ್ತೂಲಾದರೆ, ನಿಮ್ಮ ಸ್ವಂತ ಹೆಸರಿನಲ್ಲಿ ಲೈಸೆನ್ಸ್ ಆಗುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕೇ ನಿಮಗಿಲ್ಲ. ಮುಂದಿನ ಮಾತೆಲ್ಲ ಲೈಸೆನ್ಸ್ ಇದ್ದವರಿಗೆ ಮಾತ್ರ.

ಹೆಸರಾಂತ ಪಿಸ್ತೂಲು ಎಂದೂ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಆಧಾರವಾಗಿ 1911ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ನಡೆಸಿದ ಪರೀಕ್ಷೆಯನ್ನು ಹೇಳುತ್ತಾರೆ. ಅಲ್ಲಿ ಬ್ರೌನಿಂಗ್ ಅವರ.45 ಕೋಲ್ಟ್ ಪಿಸ್ತೂಲು 6000 ಗುಂಡುಗಳನ್ನು ಒಮ್ಮೆಯೂ ಸಿಕ್ಕಿಬೀಳದೆ ಹಾರಿಸಿತು. ಆದರೆ ಪ್ರತಿ 100 ಗುಂಡಿಗೊಮ್ಮೆ ಅದನ್ನು ಆರಲು ಬಿಡುತ್ತಿದ್ದರು, ಪ್ರತಿ 1000 ಗುಂಡಿಗೊಮ್ಮೆ ಸ್ವಚ್ಛಮಾಡಿ ಎಣ್ಣೆ ಹಾಕುತ್ತಿದ್ದರು ಎಂಬ ಅರ್ಧ ಕಥೆಯನ್ನು ಹೇಳುವವರು ಕಡಿಮೆ. ವರ್ಷಗಟ್ಟಲೆ ಟ್ರಿಜೋರಿಯಲ್ಲಿ ಮಲಗಿದ ಪಿಸ್ತೂಲು ಕೈಕೊಟ್ಟರೆ ಆ ದೋಷವನ್ನು ಬ್ರೌನಿಂಗ್ ಅವರ ಮೇಲೆ ಹೊರಿಸಲಾಗದು.

ಯಾವ ಕೆಲಸಕ್ಕೂ ಮೊದಲು ಪಿಸ್ತೂಲನ್ನು ಖಾಲಿ ಮಾಡಬೇಕು, ಮತ್ತು ಅದರ ಕ್ರಮ ತಪ್ಪಬಾರದು. ಮೊದಲು ಗುಂಡು ತುಂಬುವ ಡಬ್ಬಿಯಾದ ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದು, ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಚೇಂಬರಿನೊಳಗೆ ಕಣ್ಣಿನಿಂದ ನೋಡಿ, ಬೆರಳ ತುದಿಯಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು. ಇದನ್ನೇ ಹಿಂದುಮುಂದು ಮಾಡಿದರೆ, ಅಂದರೆ ಸ್ಲೈಡ್ ಮೊದಲು ಎಳೆದು ಮ್ಯಾಗಜಿನ್ ಆಮೇಲೆ ತೆಗೆದರೆ, ಒಂದು ಗುಂಡು ಹೊರಬಿದ್ದರೂ ಇನ್ನೊಂದು ಒಳಗೆ ಹೋಗಿ ಕೂತಿರುತ್ತದೆ. ಮ್ಯಾಗಜಿನ್ ಇಲ್ಲದಿದ್ದರೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ ಎಲ್ಲ ಪಿಸ್ತೂಲುಗಳಲ್ಲಿಯೂ ಇರುವುದಿಲ್ಲ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ನಂತರವೇ ಬಿಚ್ಚಲು ಕೂರಬೇಕು.

ಇನ್ನು ಎಣ್ಣೆಯ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಒಂದೇ ನಿಯಮ ಹೊಂದುವುದಿಲ್ಲ. ಖಾನಾಪುರ, ಬೆಳಗಾವಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಷ್ಟು ತೇವ ಇರುತ್ತದೆ. ಅಲ್ಲಿ ತುಕ್ಕೇ ಮುಖ್ಯ ಶತ್ರು. ವಿಜಯಪುರ ಮತ್ತು ಬಾಗಲಕೋಟೆಯ ಎರೆ ಭೂಮಿಯಲ್ಲಿ ಬೇಸಿಗೆಯ ಸಣ್ಣ ಧೂಳು ಎಲ್ಲೆಡೆ ನುಸುಳುತ್ತದೆ, ಮತ್ತು ಎಣ್ಣೆ ಹೆಚ್ಚಾದ ಪಿಸ್ತೂಲಿನಲ್ಲಿ ಅದು ಎಣ್ಣೆಯೊಡನೆ ಕಲೆತು ಕಪ್ಪು ಅಂಟಾಗಿ ಸ್ಲೈಡಿನ ಓಟವನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಬೆಳಗಾವಿಯ ಮಳೆಗಾಲದಲ್ಲಿ ಹೊರಮೈಗೂ ನಳಿಗೆಯ ಒಳಗೂ ತೆಳ್ಳಗೆ ಎಣ್ಣೆ ಸವರಿ ಎರಡು ಮೂರು ವಾರಕ್ಕೊಮ್ಮೆ ತೆಗೆದು ನೋಡುವುದು ಸರಿ. ವಿಜಯಪುರದ ಬೇಸಿಗೆಯಲ್ಲಿ ಸ್ಲೈಡ್ ಜಾರುವ ಅಂಚುಗಳಿಗೆ ಒಂದೊಂದು ಹನಿ ಹಾಕಿ, ಉಳಿದುದನ್ನು ಒಣ ಬಟ್ಟೆಯಿಂದ ಒರೆಸಿಬಿಡುವುದು ಸರಿ. ಬಂದೂಕಿಗೆಂದೇ ಮಾರುವ ಎಣ್ಣೆಯನ್ನು ಬಳಸಬೇಕು. ಅಡುಗೆ ಎಣ್ಣೆಗಳು ಕಾಲಕ್ರಮದಲ್ಲಿ ಗಟ್ಟಿಯಾಗಿ ಜಿಗುಟಾಗಬಹುದು. ಎಲ್ಲೇ ಇರಲಿ, ಚೇಂಬರಿನಲ್ಲಿ ಮತ್ತು ಮ್ಯಾಗಜಿನ್ ಒಳಗೆ ಎಣ್ಣೆ ನಿಲ್ಲಬಾರದು, ಏಕೆಂದರೆ ಅದು ಗುಂಡಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಇಳಿದರೆ ಗುಂಡು ಸತ್ತುಹೋಗಬಹುದು. ನಳಿಗೆಗೆ ಹಾಕಿದ ಎಣ್ಣೆಯನ್ನೂ ಹಾರಿಸುವ ಮೊದಲು ಒಣ ಬಟ್ಟೆಯಿಂದ ಪೂರ್ತಿ ತೆಗೆಯಬೇಕು.

ಖಂಡೇನವಮಿಯ ದಿನ ಪಿಸ್ತೂಲಿಗೂ ಅರಿಷಿಣ ಕುಂಕುಮ ಏರಿಸಿ ಹೂ ಮುಡಿಸುವುದು ನಮ್ಮ ಕಡೆಯ ಪದ್ಧತಿ, ಅದು ನಡೆಯಲಿ. ಆದರೆ ಒದ್ದೆ ಕುಂಕುಮವನ್ನು ಹಾಗೆಯೇ ಬಿಟ್ಟರೆ ಒಂದೇ ರಾತ್ರಿಯಲ್ಲಿ ಅದರ ಕೆಳಗಿನ ಕಪ್ಪು ಹೊಳಪು ಮಾಸಿ ಕೆಂಪು ಚುಕ್ಕೆ ಏಳಬಹುದು, ಮತ್ತು ಒಣಗಿದ ಪುಡಿ ಉದುರಿ ಸ್ಲೈಡಿನ ಸಂದಿಗೂ ಹ್ಯಾಮರಿನ ಬುಡಕ್ಕೂ ಸೇರುತ್ತದೆ. ಪೂಜೆಗೆ ಖಾಲಿ ಪಿಸ್ತೂಲನ್ನೇ ಇಡಬೇಕು, ಕುಂಕುಮವನ್ನು ಹಿಡಿಕೆಯ ಮೇಲೆ ಮಾತ್ರ ಹಚ್ಚಬೇಕು, ನೀರು ಪ್ರೋಕ್ಷಿಸಿದ್ದರೆ ಆರತಿ ಮುಗಿದ ಕೂಡಲೇ ಒರೆಸಿ ಎಣ್ಣೆ ಬಟ್ಟೆ ಆಡಿಸಬೇಕು. ದೇವರ ಮುಂದೆ ಇಟ್ಟುದನ್ನು ಅಂದೇ ಮುಟ್ಟಬಾರದು ಎನ್ನುವ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟು ಬಟ್ಟೆಗೇ ಪೂಜೆ ಸಲ್ಲಿಸುವುದು ಉತ್ತಮ.

ಪಿಸ್ತೂಲು ಸಿಕ್ಕಿಬಿದ್ದಾಗ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದುದು ಮ್ಯಾಗಜಿನ್. ಗುಂಡು ಯಾವ ಕೋನದಲ್ಲಿ ಎದ್ದು ಚೇಂಬರಿಗೆ ಹೋಗಬೇಕು ಎಂಬುದನ್ನು ಮ್ಯಾಗಜಿನ್ ಬಾಯಿಯ ಎರಡು ತಗಡಿನ ತುಟಿಗಳು ನಿರ್ಧರಿಸುತ್ತವೆ. ಒಮ್ಮೆ ಕೈಜಾರಿ ಫರಸಿಯ ಮೇಲೆ ಬಿದ್ದರೂ ಸಾಕು, ಕಣ್ಣಿಗೆ ಕಾಣದಷ್ಟು ಬಾಗಿ ಅವು ಗುಂಡನ್ನು ತಪ್ಪು ದಾರಿಗೆ ಹಚ್ಚುತ್ತವೆ. ಇಕ್ಕಳದಿಂದ ಅವನ್ನು ನೆಟ್ಟಗೆ ಮಾಡಲು ಹೋಗದೆ ಬೇರೆ ಮ್ಯಾಗಜಿನ್ ಕೊಳ್ಳುವುದೇ ಲೇಸು.

.32 ಗುಂಡಿಗೆ ವಿಶೇಷವಾದ ಇನ್ನೊಂದು ತೊಡಕಿದೆ. 1899ರಲ್ಲಿ ಬಂದ ಈ ಗುಂಡಿನ ತಳದ ಅಂಚಿನ ವ್ಯಾಸ ಅದರ ಮೈಯ ವ್ಯಾಸಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಮೇಲಿನದರ ಅಂಚು ಹಿಂದೆ ಸರಿದು ಕೆಳಗಿನದರ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಂಡರೆ, ಸ್ಲೈಡ್ ಎಷ್ಟು ಬಲವಾಗಿ ತಳ್ಳಿದರೂ ಗುಂಡು ಮುಂದಕ್ಕೆ ಹೋಗುವುದಿಲ್ಲ. ಆಗ ಮತ್ತೆ ಸ್ಲೈಡ್ ಎಳೆದು ಬಿಡುವುದರಿಂದ ಪ್ರಯೋಜನವಿಲ್ಲ, ಮ್ಯಾಗಜಿನ್ ಹೊರತೆಗೆದು ಬಿಡಿಸಬೇಕು. ಗುಂಡುಗಳನ್ನು ಒಂದೊಂದಾಗಿ ಕೂಡಿಸಿ, ಪಕ್ಕದ ರಂಧ್ರಗಳಲ್ಲಿ ಅಥವಾ ಸೀಳಿನಲ್ಲಿ ಅಂಚುಗಳ ಸಾಲನ್ನು ನೋಡಿಕೊಳ್ಳುವ ಅಭ್ಯಾಸ ಇದಕ್ಕೆ ಮದ್ದು. ತುಂಬಿದ ಮ್ಯಾಗಜಿನನ್ನು ಜೇಬಿನಲ್ಲಿಯೋ ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೋ ಕುಲುಕಾಡಲು ಬಿಟ್ಟರೆ ಆ ಸಾಲು ಕೆಡಬಹುದು.

ಸ್ಪ್ರಿಂಗುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಇತಿಹಾಸ ತಿಳಿಯದ ಹಳೆಯ ಪಿಸ್ತೂಲಿನಲ್ಲಿ ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗನ್ನೂ ಮ್ಯಾಗಜಿನ್ ಸ್ಪ್ರಿಂಗನ್ನೂ ದಣಿದಿವೆ ಎಂದೇ ಭಾವಿಸಿ ಬದಲಿಸಬೇಕು. ಖಾಲಿ ಕೋಶವನ್ನು ಎಳೆದು ಹೊರಹಾಕುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆಯ ಕೆಳಗೆ ಹಿತ್ತಾಳೆಯ ಚೂರು, ಮಸಿ ಸೇರಿದ್ದರೆ ಮರದ ಹಲ್ಲುಕಡ್ಡಿಯಿಂದ ತೆಗೆಯಬಹುದು. ಅದಕ್ಕೂ ಮುಂದಿನದು, ಅಂದರೆ ಟ್ರಿಗರ್ ಹಗುರ ಮಾಡುವುದು, ಫೈರಿಂಗ್ ಪಿನ್ ಕಡೆಸುವುದು ಇತ್ಯಾದಿ, ಊರಿನ ಲೇಥ್ ಅಂಗಡಿಯ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಶಸ್ತ್ರ ರಿಪೇರಿಯ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಮೇಸ್ತ್ರಿ ಎಷ್ಟೇ ನುರಿತವನಿದ್ದರೂ ಅಂಥ ಲೈಸೆನ್ಸ್ ಇರುವವನ ಬಳಿಗೇ ಒಯ್ಯಬೇಕು.

ಇಷ್ಟಾದ ಮೇಲೆ ಹಾರಿಸಿ ನೋಡದೆ ನಂಬಿಕೆ ಬರುವುದಿಲ್ಲ, ಆದರೆ ಅದಕ್ಕೆ ಹೊಲದ ಬದುವು ಜಾಗವಲ್ಲ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ ಪರೀಕ್ಷಿಸಬೇಕು. ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ನೋಡಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ ಗುಂಡು ಎಲ್ಲಿ ಇಳಿಯುತ್ತದೆ ಎಂಬುದಂತೂ ಯಾರ ಕೈಯಲ್ಲಿಯೂ ಇಲ್ಲ. ರೇಂಜಿಗೆ ಹೋಗುವಾಗ ಮ್ಯಾಗಜಿನ್‌ಗಳಿಗೆ 1, 2 ಎಂದು ಗುರುತು ಹಾಕಿ, ಯಾವುದರಲ್ಲಿ ಎಷ್ಟನೆಯ ಗುಂಡಿಗೆ ಏನಾಯಿತು ಎಂದು ಪುಸ್ತಕದಲ್ಲಿ ಬರೆದಿಡಬೇಕು. ತೊಂದರೆ ಒಂದೇ ಮ್ಯಾಗಜಿನ್ನಿನಲ್ಲಿ ಕಾಣಿಸಿದರೆ ಪಿಸ್ತೂಲಿನ ತಪ್ಪಿಲ್ಲ. ಖಾಲಿ ಕೋಶ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿನಿಂತರೆ, ಮುಂಗೈ ಸಡಿಲ ಬಿಟ್ಟಿರುವುದು, ಎಕ್ಸ್‌ಟ್ರ್ಯಾಕ್ಟರಿನ ಕೊಳೆ ಅಥವಾ ದುರ್ಬಲ ಗುಂಡು ಕಾರಣವಿರಬಹುದು. ಹಿಡಿತ ಬಿಗಿಮಾಡಿ ಇನ್ನೊಮ್ಮೆ ನೋಡಿ, ಆಮೇಲೆ ಬಿಚ್ಚಿರಿ. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಏಕೆಂದರೆ ತಡವಾಗಿ ಸಿಡಿಯುವ ಗುಂಡುಗಳೂ ಇರುತ್ತವೆ. ಶಬ್ದ ಎಂದಿಗಿಂತ ಮಂದವಾಗಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲಿಯೇ ಉಳಿದಿರಬಹುದು, ಅದರ ಬೆನ್ನಿಗೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸೀಳಿ ಕೈಗೆ ಅಪಾಯವಾಗುತ್ತದೆ.

ಮನೆಯಲ್ಲಿ ಇಡುವಾಗ ಚರ್ಮದ ಪೌಚಿನಲ್ಲಿ ಇಡಬಾರದು. ಚರ್ಮ ತೇವವನ್ನು ಹೀರಿ ಹಿಡಿಯುತ್ತದೆ, ಅದನ್ನು ಹದ ಮಾಡಿದ ರಾಸಾಯನಿಕಗಳೂ ಉಕ್ಕನ್ನು ತಿನ್ನುತ್ತವೆ. ಎಣ್ಣೆ ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾದರೆ, ಕೊಡುವ ಮುನ್ನ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿ ಬಟ್ಟೆಯಲ್ಲಿ ಸುತ್ತಿ, ಮ್ಯಾಗಜಿನ್‌ಗಳ ಸಂಖ್ಯೆಯನ್ನೂ ರಶೀದಿಯಲ್ಲಿ ಬರೆಸಿಕೊಳ್ಳಿರಿ. ತಿಂಗಳುಗಳ ನಂತರ ಮರಳಿ ಪಡೆದಾಗ ಗುಂಡು ತುಂಬುವ ಮುನ್ನ ಪೂರ್ತಿ ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ, ತುಕ್ಕಿನ ಚುಕ್ಕೆ ಕಂಡರೆ ಕಂಚಿನ ಬ್ರಷ್ ಆಡಿಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಬೇಕು.